ಖಾಲಿ ಟ್ಯಾಂಕಿನಲ್ಲಿ ಏನಿದೆ?



ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಒಂದು ಹಳೆಯ ಮೋಟರ್ ಸೈಕಲ್ ಇರಬಹುದು. ತಂದೆಯವರೋ ಸೋದರಮಾವನವರೋ ಓಡಿಸುತ್ತಿದ್ದ ಗಾಡಿ. ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿದ್ದರೂ ಅದನ್ನು ಮಾರಲು ಯಾರಿಗೂ ಮನಸ್ಸಿಲ್ಲ. ಅದನ್ನು ಮತ್ತೆ ಓಡುವಂತೆ ಮಾಡಬೇಕೆಂಬ ಹುಮ್ಮಸ್ಸು ಬಂದಾಗ ಮೊದಲು ಕಣ್ಣಿಗೆ ಬೀಳುವುದು ಪೆಟ್ರೋಲ್ ಟ್ಯಾಂಕು. ಬಣ್ಣ ಮಾಸಿರುತ್ತದೆ, ಒಂದೆರಡು ಕಡೆ ನೆಗ್ಗಿರುತ್ತದೆ, ಅಡಿಯಲ್ಲಿ ಎಲ್ಲೋ ಒಂದು ಕಡೆ ಪೆಟ್ರೋಲ್ ಜಿನುಗುತ್ತಿರುತ್ತದೆ. ‘ಟ್ಯಾಂಕು ಕಳಚಿ, ಬೆಸುಗೆ ಹಾಕಿಸಿ, ಬಣ್ಣ ಬಳಿಸಿದರಾಯಿತು’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮೂರು ಕೆಲಸಗಳ ಒಳಗೆ ನಿಮ್ಮ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದ ಹಲವು ಪಾಠಗಳಿವೆ. ಅವುಗಳಲ್ಲಿ ಒಂದು ಪಾಠ ತಿಳಿಯದೆ ಹೋದರೆ ಪ್ರಾಣಕ್ಕೇ ಕುತ್ತು. ಇಂದಿನ ಮಾತು ಅದರ ಬಗ್ಗೆ.

ಉದಾಹರಣೆಗೆ ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿಯನ್ನು ತೆಗೆದುಕೊಳ್ಳೋಣ. ಅಂದಿನ ಜೆಕೊಸ್ಲೊವಾಕಿಯದ ತಂತ್ರಜ್ಞಾನವನ್ನು ಪಡೆದು ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನಲ್ಲಿ ಜಾವಾ ಮೋಟರ್ ಸೈಕಲ್‌ಗಳನ್ನು ತಯಾರಿಸಲು ಆರಂಭಿಸಿತು. 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಒಂದೇ ಪೆಡಲು ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುತ್ತಿದ್ದ ಆ ಗಾಡಿಗಳನ್ನು ಹಿರಿಯರು ಮರೆತಿಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಅವು ಬೇರೆ ಯಂತ್ರಗಳು. ಮೈಸೂರಿನ ಹಳೆಯ ಕಾರ್ಖಾನೆಯಿಂದ ಹೊರಬಂದ ಅತ್ಯಂತ ಕಿರಿಯ ಯೆಜ್ಡಿಗೂ ಈಗ 30 ವರ್ಷದ ಆಸುಪಾಸು. ಅಷ್ಟು ವಯಸ್ಸಾದ ಉಕ್ಕಿನ ಟ್ಯಾಂಕಿನಲ್ಲಿ ತುಕ್ಕು ಇಲ್ಲದಿದ್ದರೆ ಅದೇ ಆಶ್ಚರ್ಯ.

ಪೆಟ್ರೋಲ್ ಇರುವ ಕಡೆ ತುಕ್ಕು ಹೇಗೆ ಬಂತು ಎಂದು ನೀವು ಕೇಳಬಹುದು. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಟ್ಯಾಂಕು ಅರ್ಧ ಖಾಲಿ ಇದ್ದರೆ ಉಳಿದ ಅರ್ಧದಲ್ಲಿ ಗಾಳಿ ಇರುತ್ತದೆ. ರಾತ್ರಿ ಲೋಹ ತಣ್ಣಗಾದಾಗ ಆ ಗಾಳಿಯ ತೇವ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಪೆಟ್ರೋಲಿನ ಸಾಂದ್ರತೆ ನೀರಿನ ಸಾಂದ್ರತೆಯ ಮುಕ್ಕಾಲು ಪಾಲು ಮಾತ್ರ. ಆದ್ದರಿಂದ ಆ ಹನಿಗಳು ಪೆಟ್ರೋಲಿನ ಕೆಳಗೆ ಇಳಿದು ಟ್ಯಾಂಕಿನ ತಳದಲ್ಲಿ ಕೂಡುತ್ತವೆ. ತೂತು ಸಾಮಾನ್ಯವಾಗಿ ತಳದಲ್ಲೇ ಬೀಳುವುದಕ್ಕೆ ಕಾರಣ ಇದು.

ಈಗ ಇದಕ್ಕೆ ಇನ್ನೊಂದು ಸಂಗತಿ ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಎಲ್ಲೆಡೆ ಬಂದಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ದ್ರವ. ನೀರಿನ ಪ್ರಮಾಣ ಒಂದು ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ನಿಂತಿರುವ ಹಳೆಯ ಗಾಡಿಯ ಟ್ಯಾಂಕಿಗೆ ಇದು ಒಳ್ಳೆಯದಲ್ಲ. ಹಳೆಯ ರಬ್ಬರ್ ಪೈಪು ಮತ್ತು ವಾಷರ್‌ಗಳೂ ಎಥನಾಲ್ ತಾಗಿ ಊದಿಕೊಳ್ಳಬಹುದು, ಬಿರುಕು ಬಿಡಬಹುದು.

ಇನ್ನು ಟ್ಯಾಂಕನ್ನು ಕಳಚುವ ಕ್ರಮ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಡಿ ಬಯಲಿನಲ್ಲಿ, ನೆರಳಿನಲ್ಲಿ ನಿಂತಿರಬೇಕು. ಅಡಿಗೆಮನೆಯ ಪಕ್ಕದಲ್ಲಾಗಲಿ, ದೇವರ ದೀಪ ಉರಿಯುವ ಕೋಣೆಯ ಹತ್ತಿರವಾಗಲಿ ಈ ಕೆಲಸ ಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹಾರಿಹೋಗುವುದಿಲ್ಲ, ನೆಲದ ಮೇಲೆ ನೀರಿನಂತೆ ಹರಿಯುತ್ತದೆ. ಹತ್ತು ಹೆಜ್ಜೆ ಆಚೆ ಇರುವ ಒಲೆಯನ್ನು ಅದು ಹುಡುಕಿಕೊಂಡು ಹೋಗಬಲ್ಲದು.

ಮೊದಲು ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಇಂದಿನ ಗಾಡಿಗಳಲ್ಲಿ ಋಣ ತುದಿ ಚಾಸಿಗೆ ಜೋಡಿಸಿರುತ್ತದೆ. ಅದನ್ನು ಮೊದಲು ಬಿಚ್ಚಿದರೆ, ಮುಂದೆ ಧನ ತುದಿಯನ್ನು ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಗುಲಿದರೂ ಕಿಡಿ ಹಾರದು. ಆಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಸೀಟು ತೆಗೆದು, ಕಾರ್ಬುರೇಟರಿಗೆ ಹೋಗುವ ಪೈಪಿನ ಕ್ಲಿಪ್ಪನ್ನು ಸಡಿಲಿಸಬೇಕು. ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನಿಗೆ ನಿಧಾನವಾಗಿ ಇಳಿಸಿಕೊಳ್ಳಬೇಕು. ನೀರಿನ ಬಾಟಲಿಗೆ ತುಂಬಿಸಬೇಡಿ. ಬಾಯಾರಿದ ಮಗುವೊಂದು ಅದನ್ನು ಎತ್ತಿ ಕುಡಿಯುವ ಅಪಾಯವಿದೆ. ಚರಂಡಿಗೂ ಸುರಿಯಬೇಡಿ.

ಕಾಕ್‌ನಿಂದ ಪೆಟ್ರೋಲ್ ನಿಂತ ಕೂಡಲೆ ಟ್ಯಾಂಕು ಬರಿದಾಯಿತು ಎಂದುಕೊಳ್ಳಬಾರದು. ಮೋಟರ್ ಸೈಕಲ್ಲಿನ ಟ್ಯಾಂಕು ಕುದುರೆಯ ಜೀನಿನಂತೆ ಚಾಸಿಯ ಕೊಳವೆಯ ಎರಡೂ ಕಡೆ ಇಳಿಬಿದ್ದಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಕಾಕ್ ಇರುವುದು ಒಂದೇ ಬದಿಗೆ. ಇನ್ನೊಂದು ಬದಿಯ ತಗ್ಗಿನಲ್ಲಿ ಪೆಟ್ರೋಲ್ ಉಳಿದೇ ಇರುತ್ತದೆ. ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಮಾತ್ರ ಅದು ಹೊರಬರುತ್ತದೆ. ನಂತರ ಟ್ಯಾಂಕನ್ನು ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಿ, ರಬ್ಬರ್ ಬುಷ್ಷುಗಳನ್ನೂ ವಾಷರುಗಳನ್ನೂ ಒಂದು ಡಬ್ಬಿಯಲ್ಲಿ ಜೋಪಾನವಾಗಿಡಬೇಕು. ಎಂಜಿನ್ನಿನ ನಡುಕ ತೆಳು ತಗಡಿಗೆ ನೇರವಾಗಿ ತಾಗದಂತೆ ತಡೆಯುವುದು ಈ ರಬ್ಬರ್ ತುಂಡುಗಳೇ. ಅವು ಕಳೆದುಹೋದರೆ ಹೊಸ ಬೆಸುಗೆ ಕೂಡ ಕೆಲವೇ ದಿನಗಳಲ್ಲಿ ಬಿರುಕು ಬಿಟ್ಟೀತು.

ಒಂದು ಎಚ್ಚರಿಕೆ. ನಾನು ಹೇಳುತ್ತಿರುವುದು ಕಾರ್ಬುರೇಟರ್ ಇರುವ ಹಳೆಯ ಗಾಡಿಗಳ ವಿಷಯ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಿ ಹೆಚ್ಚಿನವುಗಳ ಟ್ಯಾಂಕಿನೊಳಗೇ ವಿದ್ಯುತ್ ಪಂಪು ಇರುತ್ತದೆ. ಅದರ ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ. ಆ ಪೈಪನ್ನು ಹಾಗೆಯೇ ಎಳೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮೀತು. ಆ ಕೆಲಸವನ್ನು ತಿಳಿದ ಮೆಕ್ಯಾನಿಕ್‌ಗೇ ಬಿಡಬೇಕು.

ಈಗ ಟ್ಯಾಂಕು ನಿಮ್ಮ ಕೈಯಲ್ಲಿದೆ. ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಅದನ್ನು ಚೀಲದಲ್ಲಿಟ್ಟುಕೊಂಡು ವೆಲ್ಡಿಂಗ್ ಅಂಗಡಿಗೆ ಹೋಗುತ್ತೀರಿ. ‘ಪೆಟ್ರೋಲ್ ಇದೆಯೇನಪ್ಪಾ?’ ಎಂದು ಅಲ್ಲಿನವರು ಕೇಳುತ್ತಾರೆ. ‘ಇಲ್ಲ ಅಣ್ಣಾ, ಖಾಲಿ’ ಎನ್ನುತ್ತೀರಿ. ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಮಾತು ಇದೇ.

ಏಕೆಂದರೆ ಉರಿಯುವುದು ದ್ರವರೂಪದ ಪೆಟ್ರೋಲ್ ಅಲ್ಲ, ಅದರ ಆವಿ. ಒಂದು ದ್ರವದ ಮೇಲೆ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಕೂಡುವ ಅತಿ ಕಡಿಮೆ ಉಷ್ಣತೆಗೆ ಫ್ಲ್ಯಾಷ್ ಪಾಯಿಂಟ್ ಎನ್ನುತ್ತಾರೆ. ಸೀಮೆಎಣ್ಣೆಗೆ ಇದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಪೆಟ್ರೋಲಿಗೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಂದರೆ ನಮ್ಮ ನಾಡಿನ ಎಂತಹ ಚಳಿಯ ರಾತ್ರಿಯಲ್ಲೂ ಪೆಟ್ರೋಲ್ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತಲೇ ಇರುತ್ತದೆ.

ಎಷ್ಟು ಆವಿ ಇದ್ದರೆ ಅಪಾಯ? ಗಾಳಿಯಲ್ಲಿ ಪೆಟ್ರೋಲಿನ ಆವಿ ಗಾತ್ರದ ಲೆಕ್ಕದಲ್ಲಿ ಸುಮಾರು ಶೇಕಡ 1.4ರಿಂದ 7.6ರವರೆಗೆ ಇದ್ದಾಗ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಇಂಧನ ಸಾಲದು. ಹೆಚ್ಚಾದರೆ ಆಮ್ಲಜನಕ ಸಾಲದು. ಈಗ ಪೆನ್ಸಿಲ್ ಹಿಡಿಯಿರಿ, ಒಂದು ಸಣ್ಣ ಲೆಕ್ಕ ಮಾಡೋಣ. ಟ್ಯಾಂಕಿನ ಗಾತ್ರ 12 ಲೀಟರ್ ಎಂದಿಟ್ಟುಕೊಳ್ಳಿ. ಅದರ ಶೇಕಡ 1.4 ಎಂದರೆ 0.168 ಲೀಟರ್ ಆವಿ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲ ಸುಮಾರು 24 ಲೀಟರ್ ಜಾಗ ಹಿಡಿಯುತ್ತದೆ. ಹಾಗಾದರೆ ನಮ್ಮ ಆವಿ 0.007 ಮೋಲ್. ಪೆಟ್ರೋಲ್ ಹಲವು ಹೈಡ್ರೊಕಾರ್ಬನ್‌ಗಳ ಮಿಶ್ರಣ. ಲೆಕ್ಕದ ಅನುಕೂಲಕ್ಕೆ ಅದರ ಒಂದು ಮೋಲ್‌ಗೆ 100 ಗ್ರಾಂ ಎಂದು ಹಿಡಿದರೆ 0.7 ಗ್ರಾಂ ಆಯಿತು. ದ್ರವದ ಲೆಕ್ಕದಲ್ಲಿ ಇದು ಸುಮಾರು 1 ಮಿಲಿಲೀಟರ್. ಇದೇ ರೀತಿ ಮೇಲಿನ ಮಿತಿಯನ್ನೂ ಲೆಕ್ಕಹಾಕಿ ನೋಡಿ. ಸುಮಾರು 5 ಮಿಲಿಲೀಟರ್ ಬರುತ್ತದೆ. ಒಂದು ಟೀ ಚಮಚ!

ಇದರ ಅರ್ಥವನ್ನು ಗಮನಿಸಿ. ತಲೆಕೆಳಗು ಮಾಡಿ ಬಗ್ಗಿಸಿದ ಟ್ಯಾಂಕಿನ ಒಳಮೈಗೆ, ಅಂಚಿನ ಸಂದುಗಳಿಗೆ, ತುಕ್ಕಿನ ಪುಡಿಗೆ ಅಂಟಿಕೊಂಡು ಒಂದು ಚಮಚದೊಳಗೆ ಪೆಟ್ರೋಲ್ ಉಳಿದರೆ ಸಾಕು, ಇಡೀ ಟ್ಯಾಂಕು ಸ್ಫೋಟಕ್ಕೆ ತಕ್ಕ ಮಿಶ್ರಣದಿಂದ ತುಂಬಿಬಿಡುತ್ತದೆ. ತುಂಬಿದ ಟ್ಯಾಂಕಿನಲ್ಲಾದರೋ ದ್ರವದ ಮೇಲಿನ ಸ್ವಲ್ಪ ಜಾಗದಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಅಲ್ಲಿ ಆಮ್ಲಜನಕ ಸಾಲದು. ಅದರ ಬಾಯಿಯಲ್ಲಿ ಬೆಂಕಿ ಹತ್ತಬಹುದು, ಆ ಅಪಾಯ ಸಣ್ಣದಲ್ಲ. ಆದರೆ ಒಳಗೆಲ್ಲ ಒಮ್ಮೆಗೇ ಸಿಡಿಯುವ ಗುಣ ಇರುವುದು ‘ಖಾಲಿ’ ಟ್ಯಾಂಕಿಗೆ. ಆ ಒಂದು ಮಿಲಿಲೀಟರ್ ಪೆಟ್ರೋಲ್ ಉರಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 30 ಕಿಲೋಜೌಲ್. 60 ಕಿಲೋ ತೂಕದ ಮನುಷ್ಯನನ್ನು 50 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವಷ್ಟು ಶಕ್ತಿ ಇದು. ಅಷ್ಟೂ ಶಕ್ತಿ ಕಣ್ಣು ಮಿಟುಕಿಸುವುದರೊಳಗೆ, ತೆಳುವಾದ ತಗಡಿನ ಒಳಗೆ, ಬೆಸುಗೆ ಹಾಕಲು ಬಗ್ಗಿ ಕುಳಿತವರ ಮುಖದ ಮುಂದೆ ಬಿಡುಗಡೆಯಾಗುತ್ತದೆ.

ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇಲ್ಲೊಂದು ಕಷ್ಟವಿದೆ. ತುಕ್ಕನ್ನು ತೋರಿಸಬಹುದು, ಬೆಂಕಿಯನ್ನು ತೋರಿಸಬಹುದು, ಈ ಆವಿಯನ್ನು ತೋರಿಸುವುದು ಹೇಗೆ? ಅದಕ್ಕೆ ಬಣ್ಣವಿಲ್ಲ. ಆದರೆ ಅದರ ನೆರಳನ್ನು ನೀವು ನೋಡಬಹುದು. ಬೆಳಗಿನ ಓರೆ ಬಿಸಿಲಿನಲ್ಲಿ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ನೆಲದ ಮೇಲೆ ಬಿದ್ದ ಟ್ಯಾಂಕಿನ ನೆರಳನ್ನು ದೂರದಿಂದಲೇ ಗಮನಿಸಿ. ಮುಚ್ಚಳದ ಬಾಯಿಯ ಹತ್ತಿರ ಏನೋ ಅಲೆಅಲೆಯಾಗಿ ತುಳುಕಿ ಕೆಳಗಿಳಿಯುವುದು ಕಾಣುತ್ತದೆ. ಆವಿಯ ವಕ್ರೀಭವನ ಸೂಚ್ಯಂಕ ಗಾಳಿಯದಕ್ಕಿಂತ ಬೇರೆಯಾದ್ದರಿಂದ ಬೆಳಕು ಬಾಗಿ ಈ ನೆರಳು ಮೂಡುತ್ತದೆ. ಒಮ್ಮೆ ಅದನ್ನು ಕಂಡವರು ‘ಖಾಲಿ’ ಎಂಬ ಮಾತನ್ನು ಸುಲಭವಾಗಿ ಆಡಲಾರರು.

ಹಾಗಾದರೆ ಟ್ಯಾಂಕಿಗೆ ಬೆಸುಗೆ ಹಾಕುವವರು ಏನು ಮಾಡುತ್ತಾರೆ? ಕೆಲಸ ಬಲ್ಲವರು ಮೊದಲು ಮುಚ್ಚಳ, ಕಾಕ್ ಎಲ್ಲವನ್ನೂ ತೆಗೆದು, ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ಕುಲುಕಿ, ಮತ್ತೆ ಮತ್ತೆ ತೊಳೆಯುತ್ತಾರೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗಳಿಗೆ ಇದು ಇನ್ನೂ ಮುಖ್ಯ. ಅವುಗಳ ಪೆಟ್ರೋಲಿಗೆ ಎಣ್ಣೆ ಬೆರೆಸಿರುತ್ತಾರೆ. ಪೆಟ್ರೋಲ್ ಆರಿಹೋದರೂ ಎಣ್ಣೆಯ ಜಿಡ್ಡು ಸಂದುಗಳಲ್ಲಿ ಉಳಿದಿರುತ್ತದೆ. ಮೂಗಿಗೆ ವಾಸನೆಯೇ ಬರದಿರಬಹುದು. ಬೆಸುಗೆಯ ಬಿಸಿ ತಾಗಿದಾಗ ಅದು ಹೊಸದಾಗಿ ಆವಿಯಾಗುತ್ತದೆ. ಆದ್ದರಿಂದ ತೊಳೆದ ಮಾತ್ರಕ್ಕೆ ಸಾಲದು, ಜಾಗವನ್ನೇ ಇಲ್ಲದಂತೆ ಮಾಡಬೇಕು.

ಅದಕ್ಕೆ ಅತ್ಯಂತ ಸುಲಭವಾದ ವಸ್ತು ನೀರು. ತೂತು ಮೇಲ್ಮುಖವಾಗಿರುವಂತೆ ಟ್ಯಾಂಕನ್ನು ಇಟ್ಟು, ಬೆಸುಗೆ ಬೀಳುವ ಜಾಗದ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಸುತ್ತಾರೆ. 12 ಲೀಟರ್ ಟ್ಯಾಂಕಿನಲ್ಲಿ 200 ಮಿಲಿಲೀಟರ್ ಜಾಗ ಮಾತ್ರ ಬಿಟ್ಟರೆ ಸಿಡಿಯಬಲ್ಲ ಅನಿಲದ ಗಾತ್ರ 60ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ ಎಂಬುದು ನೆನಪಿರಲಿ. ಒಳಗೆ ಉಳಿದ ಅಷ್ಟಿಷ್ಟು ಪೆಟ್ರೋಲ್ ನೀರಿನ ಜೊತೆ ಮೇಲೇರಿ, ಜ್ವಾಲೆ ಹಿಡಿಯುವ ಜಾಗಕ್ಕೇ ಬಂದು ನಿಲ್ಲುತ್ತದೆ. ಅದಕ್ಕಾಗಿ ಮೊದಲು ನೀರನ್ನು ತುಂಬಿ ತುಳುಕಿಸಿ, ಮೇಲಿನ ಪದರ ಪೂರ್ತಿ ಹೊರಗೆ ಹರಿದುಹೋಗುವಂತೆ ಮಾಡಬೇಕು. ಬಾಯಿ ತೆರೆದೇ ಇರಬೇಕು. ಇಲ್ಲದಿದ್ದರೆ ಕಾದ ನೀರಿನ ಹಬೆಯ ಒತ್ತಡವೇ ಅಪಾಯಕ್ಕೆ ಕಾರಣವಾದೀತು. ನೀರಿನ ಬದಲು ಸಾರಜನಕ ಅಥವಾ ಇಂಗಾಲದ ಡೈಆಕ್ಸೈಡ್ ತುಂಬಿಸಿ ಆಮ್ಲಜನಕವನ್ನು ಹೊರದೂಡುವ ಕ್ರಮವೂ ಇದೆ. ಕೆಲವರು ಗಾಡಿಯ ಸೈಲೆನ್ಸರಿನ ಹೊಗೆಯನ್ನು ಟ್ಯಾಂಕಿಗೆ ಹಿಡಿಯುತ್ತಾರೆ. ಅದನ್ನು ನಂಬಬಾರದು. ಟೂ ಸ್ಟ್ರೋಕ್ ಎಂಜಿನ್ನಿನ ಹೊಗೆಯಲ್ಲಿ ಉರಿಯದ ಪೆಟ್ರೋಲೇ ಸಾಕಷ್ಟು ಇರುತ್ತದೆ.

ಗ್ಯಾಸ್ ವೆಲ್ಡಿಂಗ್ ಜ್ವಾಲೆಯ ಉಷ್ಣತೆ 3000 ಡಿಗ್ರಿಗೂ ಮೇಲೆ. ತವರ ಮತ್ತು ಸೀಸದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗುತ್ತದೆ. ಆದ್ದರಿಂದ ಸೂಜಿಮೊನೆಯಷ್ಟು ತೂತುಗಳಿಗೆ ಬಲ್ಲವರು ತವರದ ಬೆಸುಗೆಯನ್ನೇ ಬಳಸುವುದುಂಟು. ಅದಕ್ಕೂ ತೊಳೆಯುವ ಕ್ರಮದಲ್ಲಿ ರಿಯಾಯಿತಿ ಇಲ್ಲ. ಇವೆಲ್ಲವನ್ನೂ ನೀವೇ ಮನೆಯಲ್ಲಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಬೆಸುಗೆ ಅನುಭವಸ್ಥರ ಕೆಲಸ. ನಿಮ್ಮ ಕೆಲಸ, ಅವರಿಗೆ ನಿಜ ಹೇಳುವುದು. ‘ಅಣ್ಣಾ, ಇದು ಪೆಟ್ರೋಲ್ ಟ್ಯಾಂಕು. ಬಗ್ಗಿಸಿದ್ದೇನೆ, ತೊಳೆದಿಲ್ಲ. ನೀರು ತುಂಬಿಸಿ ಮಾಡಿ, ತಡವಾದರೂ ಪರವಾಗಿಲ್ಲ.’ ಅವಸರ ಮಾಡುವ ಗಿರಾಕಿಯೇ ಎಷ್ಟೋ ಸಲ ಕೆಲಸಗಾರನಿಗೆ ಅಪಾಯ ತರುತ್ತಾನೆ.

ಬೆಸುಗೆಯ ನಂತರ ಸೋರಿಕೆಯ ಪರೀಕ್ಷೆ. ಸೋಪಿನ ನೀರು ಹಚ್ಚಿ, ಒಳಗೆ ಬಹಳ ಮೆಲ್ಲಗೆ ಗಾಳಿ ಕೊಟ್ಟರೆ ತೂತು ಇದ್ದಲ್ಲಿ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಗಾಳಿ ಬೇಡ. ಟ್ಯಾಂಕಿನ ಒಂದು ಪಕ್ಕ 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ ಒಂದೇ ಕಿಲೋ ಒತ್ತಡ ಕೊಟ್ಟರೂ ಆ ಪಕ್ಕದ ಮೇಲೆ 600 ಕಿಲೋ ಭಾರ ಬೀಳುತ್ತದೆ. ತಗಡು ಉಬ್ಬಿಹೋಗುತ್ತದೆ.

ಒಳಗಿನ ತುಕ್ಕನ್ನು ತೆಗೆಯಲು ಫಾಸ್ಫಾರಿಕ್ ಆಮ್ಲವಿರುವ ದ್ರಾವಣವನ್ನು ಬಳಸುತ್ತಾರೆ. ಅದು ತುಕ್ಕನ್ನು ಕರಗಿಸಿ, ಲೋಹದ ಮೇಲೆ ಕಬ್ಬಿಣದ ಫಾಸ್ಫೇಟಿನ ತೆಳುಪದರವನ್ನು ಬಿಡುತ್ತದೆ. ಆಮ್ಲ ಮತ್ತು ಕಬ್ಬಿಣ ಸೇರಿದರೆ ಯಾವ ಅನಿಲ ಬರುತ್ತದೆಂದು ಪ್ರಯೋಗಾಲಯದಲ್ಲಿ ನೋಡಿದ್ದೀರಿ, ಜಲಜನಕ. ಹಾಗಾಗಿ ಆಗಲೂ ಹತ್ತಿರ ಬೆಂಕಿ ಕೂಡದು, ಬಾಯಿ ಬಿಗಿಯಾಗಿ ಮುಚ್ಚಲೂಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ತೊಳೆದ ಮೇಲೆ ಕೂಡಲೆ ಒಣಗಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಕಂದು ಬಣ್ಣದ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ.

ಇನ್ನು ಬಣ್ಣ. ಬಣ್ಣವೆಂದರೆ ಚೆಲುವು ಮಾತ್ರವಲ್ಲ, ನೀರು ಮತ್ತು ಆಮ್ಲಜನಕ ಉಕ್ಕನ್ನು ಮುಟ್ಟದಂತೆ ತಡೆಯುವ ಗೋಡೆ. ಆ ಗೋಡೆಯ ಕೆಳಗೆ ತುಕ್ಕಿನ ಒಂದು ಕಣ ಉಳಿದರೂ ಬಣ್ಣ ಒಳಗಿನಿಂದ ಗುಳ್ಳೆ ಎದ್ದು ಸುಲಿಯುತ್ತದೆ. ಹಳೆಯ ಬಣ್ಣವನ್ನು ವಾಟರ್ ಪೇಪರಿನಿಂದ ನೀರು ಹಾಕಿಯೇ ಉಜ್ಜಬೇಕು. ಹಳೆಯ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುವ ಸಂಭವವಿದೆ. ಒಣಗಿದ ಪುಡಿ ಉಸಿರಿನೊಂದಿಗೆ ಒಳಹೋದರೆ ಸೀಸ ದೇಹದಲ್ಲಿ ಉಳಿಯುತ್ತದೆ, ಮಕ್ಕಳ ಮೆದುಳಿಗೆ ಅದು ವಿಶೇಷವಾಗಿ ಕೆಟ್ಟದ್ದು. ನೆಗ್ಗಿದ ಕಡೆ ಟಿಂಕರಿಂಗ್ ಮಾಡಿ, ಉಳಿದ ಸಣ್ಣ ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆಯುತ್ತಾರೆ. ಅದು ಲೋಹಕ್ಕೂ ಬಣ್ಣಕ್ಕೂ ನಡುವಿನ ಹಿಡಿತ. ಬಣ್ಣವನ್ನು ಒಮ್ಮೆಗೇ ದಪ್ಪವಾಗಿ ಹೊಡೆದರೆ ಮೇಲ್ಪದರ ಮೊದಲು ಒಣಗಿ ಒಳಗಿನ ಥಿನ್ನರ್ ಸಿಕ್ಕಿಹಾಕಿಕೊಳ್ಳುತ್ತದೆ. ತೆಳುವಾದ ಹಲವು ಪದರಗಳು, ನಡುವೆ ಬಿಡುವು, ಇದೇ ಸರಿಯಾದ ಕ್ರಮ.

ಬಣ್ಣ ಒಣಗುವ ಬಗೆ ಎರಡು. ಹಳೆಯ ಲ್ಯಾಕರ್ ಬಣ್ಣದಲ್ಲಿ ಥಿನ್ನರ್ ಆವಿಯಾಗುತ್ತದೆ, ಬಣ್ಣ ಉಳಿಯುತ್ತದೆ. ಇಂಥ ಬಣ್ಣ ದ್ರಾವಕಗಳಿಗೆ ಮತ್ತೆ ಮೆತ್ತಗಾಗುತ್ತದೆ. ಪೆಟ್ರೋಲ್ ಚೆಲ್ಲಿ ಚೆಲ್ಲಿ ಮುಚ್ಚಳದ ಸುತ್ತ ಅದು ಬೇಗ ಮಂಕಾಗುವುದನ್ನು ನೀವು ನೋಡಿರಬಹುದು. ಹಾರ್ಡನರ್ ಬೆರೆಸುವ ಬಣ್ಣದಲ್ಲಿ ಅಣುಗಳು ಪರಸ್ಪರ ಕೂಡಿಕೊಂಡು ಬಲೆಯಾಗುತ್ತವೆ. ಪೆಟ್ರೋಲಿಗೆ ಅದು ಸುಲಭವಾಗಿ ಜಗ್ಗದು. ಆದರೆ ಆ ಹಾರ್ಡನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕದ ತುಂತುರು ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿಕೊಂಡ ಕರವಸ್ತ್ರ ಅದನ್ನು ತಡೆಯಲಾರದು. ಅದಕ್ಕೆ ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖವಾಡ ಬೇಕು. ಹಾಗಾಗಿ ಈ ಕೆಲಸವೂ ಸರಿಯಾದ ಸಲಕರಣೆ ಇರುವ ಕಡೆಯೇ ಆಗಬೇಕು.

ಟ್ಯಾಂಕು ಮತ್ತೆ ಗಾಡಿಯ ಮೇಲೆ ಕುಳಿತ ನಂತರ ಹೊಸ ಪೈಪು, ಹೊಸ ವಾಷರ್ ಹಾಕಿಸಿ. ಮೊದಲು ಸ್ವಲ್ಪವೇ ಪೆಟ್ರೋಲ್ ಹಾಕಿ, ಅರ್ಧ ಗಂಟೆ ಬಿಟ್ಟು ಅಡಿಯಲ್ಲಿ ಬೆರಳು ಒತ್ತಿ ನೋಡಿ. ಗಾಡಿಯನ್ನು ಆಗಾಗ ಓಡಿಸಿ.

ಗ್ಯಾರೇಜಿನಲ್ಲಿ ಕೆಲಸ ಮಾಡುವ ಎಷ್ಟೋ ಯುವಕರಿಗೆ ಮೋಲ್‌ನ ಲೆಕ್ಕವನ್ನು ಯಾರೂ ಕಲಿಸಿರುವುದಿಲ್ಲ. ನಿಮಗೆ ಕಲಿಸಿದ್ದಾರೆ. ಪರೀಕ್ಷೆಯಲ್ಲಿ ಅದರಿಂದ ಎರಡು ಅಂಕ ಸಿಕ್ಕೀತು. ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು, ‘ಸ್ವಲ್ಪ ತಡೆಯಿರಿ, ಇದು ಖಾಲಿಯಲ್ಲ’ ಎಂದು ನೀವು ಹೇಳಿದರೆ ಅದೇ ಲೆಕ್ಕದಿಂದ ಒಂದು ಜೀವ ಉಳಿದೀತು.